ಕೋವಿನ್: ದಾಖಲೆಗೆ ಸೈ, ಸರದಿಗೆ ಅಲ್ಲ

2021ರ ಏಪ್ರಿಲ್ 28ರಂದು ಸಂಜೆ 4 ಗಂಟೆಗೆ 18ರಿಂದ 44 ವರ್ಷದವರಿಗೆ ಕೋವಿಡ್ ಲಸಿಕೆಯ ಸರ್ಕಾರಿ ಪೋರ್ಟಲ್ ಕೋವಿನ್‌ನಲ್ಲಿ ನೋಂದಣಿ ಶುರುವಾಯಿತು. ಮೂರು ತಾಸಿನಲ್ಲಿ 80 ಲಕ್ಷಕ್ಕೂ ಮಿಕ್ಕಿ ಜನ ಹೆಸರು ನೋಂದಾಯಿಸಿದರು. ಅಷ್ಟರಲ್ಲಿ ಸರ್ವರ್‌ಗಳಿಗೆ ಬಂದ ಕೋರಿಕೆಗಳು 38 ಕೋಟಿಗೂ ಹೆಚ್ಚು, ಒತ್ತಡ ತೀರಾ ಏರಿದಾಗ ನಿಮಿಷಕ್ಕೆ 27 ಲಕ್ಷ. ಆರಂಭದಲ್ಲಿ ಓಟಿಪಿ ಬಾರದೆ, ಪುಟ ತೆರೆಯದೆ ತುಸು ಹೊತ್ತು ಪರದಾಟವಾಯಿತು, ಆಮೇಲೆ ವ್ಯವಸ್ಥೆ ತಡೆದುಕೊಂಡಿತು. ತಾಂತ್ರಿಕವಾಗಿ ಇದು ಸಣ್ಣ ಸಾಧನೆಯಲ್ಲ. ಆದರೆ ನೋಂದಣಿ ಮುಗಿಸಿ ಕೇಂದ್ರ ಹುಡುಕಿದವರಿಗೆ ಬಹುತೇಕ ಕಡೆ ಕಂಡದ್ದು ಖಾಲಿ ಪಟ್ಟಿ. ಲಸಿಕೆಯೇ ಇರಲಿಲ್ಲ.

ಕೋವಿನ್‌ಗೆ ಒಪ್ಪಿಸಿದ್ದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕೆಲಸ. ಯಾರಿಗೆ, ಎಲ್ಲಿ, ಯಾವ ಬ್ಯಾಚಿನ, ಎಷ್ಟನೇ ಡೋಸ್ ಕೊಟ್ಟೆವು ಎಂದು ಬರೆದಿಡುವುದು ಮೊದಲನೆಯದು. ಲಸಿಕೆ ಸಾಲದಿರುವಾಗ ಯಾರಿಗೆ ಮೊದಲು ಎಂದು ತೀರ್ಮಾನಿಸುವುದು ಎರಡನೆಯದು. ಮೊದಲ ಕೆಲಸವನ್ನು ಕೋವಿನ್, ಕುಂದುಕೊರತೆಗಳ ನಡುವೆಯೂ, ಚೆನ್ನಾಗಿಯೇ ಮಾಡಿತು. 2021ರ ಅಕ್ಟೋಬರ್ 21ಕ್ಕೆ 100 ಕೋಟಿ, 2022ರ ಜುಲೈ 17ಕ್ಕೆ 200 ಕೋಟಿ ಡೋಸ್‌ಗಳ ಲೆಕ್ಕ ಅದರಲ್ಲಿ ಕೂತಿತು. ಎರಡನೆಯ ಕೆಲಸಕ್ಕೆ ಅದನ್ನು ಬಳಸಿದ ಏಪ್ರಿಲ್ ಕೊನೆಯಿಂದ ಜೂನ್‌ವರೆಗಿನ ಅವಧಿಯೇ ಅದರ ಅತಿ ಕೆಟ್ಟ ಕಾಲ.

ಹಳೆಯ ಬುನಾದಿ

ಕೋವಿನ್ ಶೂನ್ಯದಿಂದ ಹುಟ್ಟಲಿಲ್ಲ. ಮಕ್ಕಳ ಲಸಿಕೆಗಾಗಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ (ಯುಎನ್‌ಡಿಪಿ) ನೆರವಿನಿಂದ 2015ರಲ್ಲಿ ಶುರುವಾದ, ಲಸಿಕೆಯ ದಾಸ್ತಾನು ಮತ್ತು ಉಷ್ಣತೆಯ ಮೇಲೆ ಕಣ್ಣಿಡುವ ಜಾಲ ಇ-ವಿನ್ ಅದರ ತಾಯಿಬೇರು. ಪ್ರಾಥಮಿಕ ಆರೋಗ್ಯ ಕೇಂದ್ರದ ಐಎಲ್‌ಆರ್ ಪೆಟ್ಟಿಗೆಯಲ್ಲಿ (ಲಸಿಕೆ ತಣ್ಣಗಿಡುವ ಫ್ರಿಜ್) ಸಿಮ್ ಇರುವ ತಾಪಮಾಪಕ ಕೂತಿರುತ್ತದೆ. ಒಳಗಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಿಂದ ಆಚೆ ಹೋದರೆ ಹೊಣೆ ಹೊತ್ತ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಹೋಗುತ್ತದೆ. ಎಷ್ಟು ವಯಲ್ (ಲಸಿಕೆ ಸೀಸೆ) ಬಂತು, ಎಷ್ಟು ಹೋಯಿತು ಎಂಬುದನ್ನು ಅದೇ ಸಿಬ್ಬಂದಿ ಫೋನಿನಲ್ಲಿ ನಮೂದಿಸುತ್ತಾರೆ. ಕೋವಿಡ್ ಬರುವ ಹೊತ್ತಿಗೆ ಸುಮಾರು 29 ಸಾವಿರ ಶೀತಲ ಸರಪಳಿ ಕೇಂದ್ರಗಳಿಗೆ ಈ ಅಭ್ಯಾಸ ಆಗಿತ್ತು.

ಇ-ವಿನ್‌ಗೆ ವಯಲ್ ಗೊತ್ತು, ಮನುಷ್ಯ ಗೊತ್ತಿಲ್ಲ. ಮನುಷ್ಯನನ್ನು ಸೇರಿಸುವ ಕೆಲಸ ಕೋವಿನ್ ಪಾಲಿಗೆ ಬಂತು. 2020ರ ಡಿಸೆಂಬರ್ 28 ಮತ್ತು 29ರಂದು ಆಂಧ್ರಪ್ರದೇಶ, ಗುಜರಾತ್, ಪಂಜಾಬ್, ಅಸ್ಸಾಂಗಳಲ್ಲಿ, ಜನವರಿ 2ರಂದು ಎಲ್ಲ ರಾಜ್ಯಗಳಲ್ಲಿ ಅಣಕು ಕಾರ್ಯಾಚರಣೆ ಮಾಡಿ, ಜನವರಿ 16ರಂದು 3,006 ಕಡೆ ಲಸಿಕೆ ಆರಂಭಿಸಿದರು. ಕೇಂದ್ರಕ್ಕೆ ನೂರು ಜನರಂತೆ ಮೂರು ಲಕ್ಷದ ಅಂದಾಜಿತ್ತು, ಮೊದಲ ದಿನ ಪಡೆದವರು ಸುಮಾರು 1.9 ಲಕ್ಷ. ಹಿಂಜರಿಕೆ ಒಂದು ಕಾರಣ. ಇನ್ನೊಂದು ಕಾರಣ ತಂತ್ರಾಂಶದ್ದು: ಆರೋಗ್ಯ ಸಿಬ್ಬಂದಿಯ ಪಟ್ಟಿಯನ್ನು ಮೊದಲೇ ಏರಿಸಿಡಲಾಗಿತ್ತು, ಆ ದಿನಕ್ಕೆ ಯಾರೆಂದು ವ್ಯವಸ್ಥೆಯೇ ಆಯ್ದು ಸಂದೇಶ ಕಳಿಸಬೇಕಿತ್ತು. ಎಷ್ಟೋ ಸಂದೇಶಗಳು ತಲುಪಲಿಲ್ಲ. ಬಾರದವರ ಜಾಗಕ್ಕೆ ಎದುರಿಗೇ ನಿಂತ ಸಹೋದ್ಯೋಗಿಯನ್ನು ಸೇರಿಸಲು ಅವಕಾಶವಿರಲಿಲ್ಲ. ಮಹಾರಾಷ್ಟ್ರ ಎರಡು ದಿನ ಅಭಿಯಾನವನ್ನೇ ನಿಲ್ಲಿಸಿತು. ಕೆಲವೇ ದಿನಗಳಲ್ಲಿ, ಪಟ್ಟಿಯಲ್ಲಿರುವ ಯಾರನ್ನಾದರೂ ಸ್ಥಳದಲ್ಲೇ ಅಂದಿನ ಸರದಿಗೆ ಸೇರಿಸುವ ಸೌಲಭ್ಯ ಬಂತು.

ಏನು ಕೆಲಸ ಮಾಡುತ್ತದೆ ಎಂಬುದು ಆಗಲೇ ಗೊತ್ತಾಗಿತ್ತು ಎನ್ನಬೇಕು. ಬಾಗಿಲಿಗೆ ಬಂದವರನ್ನು ಬರೆದುಕೊಳ್ಳುವ ಅಧಿಕಾರ ಕೇಂದ್ರಕ್ಕೆ ಸಿಕ್ಕ ಕೂಡಲೇ ಸಂಖ್ಯೆ ಏರಿತು. ಮೂರು ತಿಂಗಳ ನಂತರ ಅದೇ ಪಾಠವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಕೇಂದ್ರದಲ್ಲಿ ಒಂದು ಡೋಸ್

ಆಗಿನ ನಿಯಮದ ಪ್ರಕಾರ ಕೋವಿಡ್ ಲಸಿಕಾ ಕೇಂದ್ರಕ್ಕೆ ಮೂರು ಕೋಣೆ: ಕಾಯುವುದಕ್ಕೆ, ಚುಚ್ಚುವುದಕ್ಕೆ, ನಿಗಾಕ್ಕೆ. ತಂಡದಲ್ಲಿ ಐವರು. ಬಾಗಿಲಲ್ಲಿ ಒಬ್ಬರು ಸರದಿ ನೋಡುತ್ತಾರೆ. ಇನ್ನೊಬ್ಬರು ಗುರುತಿನ ಚೀಟಿ ಪರೀಕ್ಷಿಸಿ ಕೋವಿನ್‌ನಲ್ಲಿ ದೃಢೀಕರಿಸುತ್ತಾರೆ. ಮತ್ತೊಬ್ಬರು ಚುಚ್ಚುತ್ತಾರೆ. ಉಳಿದಿಬ್ಬರ ಪಾಲಿಗೆ ಜನಸಂದಣಿ ಮತ್ತು 30 ನಿಮಿಷದ ನಿಗಾ. ಚುಚ್ಚಿದ ಬಳಿಕ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ ದಾಖಲಿಸಿ ಡೋಸ್ ಮುಗಿದಿದೆ ಎಂದು ಗುರುತು ಮಾಡಬೇಕು. ಆಮೇಲೆ ಫಲಾನುಭವಿಯ ಮೊಬೈಲಿಗೆ ಸಂದೇಶ, ಅದರಲ್ಲಿ ಸರ್ಟಿಫಿಕೇಟಿನ ಕೊಂಡಿ.

ಕಾಗದದ ಮೇಲೆ ಇದು ಸರಾಗ. ನೆಟ್‌ವರ್ಕ್ ಕೈಕೊಟ್ಟ ಕಡೆ ಕ್ರಮ ತಿರುಗುಮುರುಗಾಗುತ್ತದೆ. ಮೊದಲು ಚುಚ್ಚಿ, ಹೆಸರು-ಮೊಬೈಲ್ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು, ಸಂಜೆ ಸಿಗ್ನಲ್ ಸಿಗುವ ಕಡೆ ಕೂತು ಒಟ್ಟಿಗೆ ಏರಿಸುವುದು. ತಪ್ಪುಗಳು ಹೆಚ್ಚಾಗಿ ನುಸುಳುವುದು ಇಲ್ಲೇ. ಒಂದೇ ಮೊಬೈಲ್ ಸಂಖ್ಯೆಯಡಿ ನಾಲ್ವರ ಹೆಸರಿರುತ್ತದೆ. ಅಪ್ಪನಿಗೆ ಚುಚ್ಚಿ ಮಗನ ಹೆಸರಿನ ಮುಂದೆ ಗುರುತು ಬೀಳುತ್ತದೆ. ಬೆಳಗಿನ ಬ್ಯಾಚ್ ಸಂಖ್ಯೆ ಮಧ್ಯಾಹ್ನ ಬದಲಾಗಿದ್ದರೂ ಇಡೀ ದಿನಕ್ಕೆ ಒಂದೇ ಸಂಖ್ಯೆ ಹೋಗುತ್ತದೆ. ಆನ್‌ಲೈನ್‌ನಲ್ಲಿ ಬುಕ್ ಮಾಡಿ ಬಾರದೇ ಉಳಿದವರ ಹೆಸರೂ ಪಟ್ಟಿಯಲ್ಲಿರುವುದರಿಂದ, ಬೆರಳು ತಪ್ಪಿದರೆ ಅವರಿಗೂ ಲಸಿಕೆ ಆಗಿದೆ ಎಂಬ ಸಂದೇಶ. ಈ ದೂರು ಹೆಚ್ಚಿದ ಮೇಲೆ 2021ರ ಮೇ 8ರಿಂದ ನಾಲ್ಕು ಅಂಕಿಯ ಭದ್ರತಾ ಸಂಖ್ಯೆ ಬಂತು. ಬುಕ್ ಮಾಡಿದವರ ಚೀಟಿಯಲ್ಲೂ ಸಂದೇಶದಲ್ಲೂ ಅದು ಇರುತ್ತಿತ್ತು. ಕೇಂದ್ರದಲ್ಲಿ ಅವರು ಹೇಳಿದರೆ ಮಾತ್ರ ದಾಖಲೆ ಮುಂದೆ ಸಾಗುತ್ತಿತ್ತು. ಸರಳ ಮದ್ದು, ಒಳ್ಳೆಯ ಮದ್ದು. ಆದರೆ ಅದು ಆನ್‌ಲೈನ್ ಬುಕಿಂಗ್‌ಗಷ್ಟೇ ಅನ್ವಯ. ನೇರವಾಗಿ ಬಂದವರ ದಾಖಲೆಗೆ ಆ ಕಾವಲಿರಲಿಲ್ಲ.

ವಯಲ್ ಲೆಕ್ಕ ಇನ್ನೂ ಸೂಕ್ಷ್ಮ. ಕೋವಿಶೀಲ್ಡ್ ವಯಲ್‌ನಲ್ಲಿ 0.5 ಮಿಲಿಲೀಟರಿನ 10 ಡೋಸ್, ಕೋವ್ಯಾಕ್ಸಿನ್ ಆರಂಭದಲ್ಲಿ ಬಂದದ್ದು 20 ಡೋಸಿನ ವಯಲ್‌ನಲ್ಲಿ. ಮುಚ್ಚಳ ಚುಚ್ಚಿದ ನಾಲ್ಕು ಗಂಟೆಯೊಳಗೆ ಖಾಲಿಯಾಗಬೇಕು, ಉಳಿದದ್ದು ಕಸ. ಮಧ್ಯಾಹ್ನ ಮೂರೂವರೆಗೆ ಇಬ್ಬರು ಕೂತಿದ್ದಾರೆ, ಹೊಸ ವಯಲ್ ಒಡೆಯಬೇಕೇ? ತಂತ್ರಾಂಶಕ್ಕೆ ಈ ಪ್ರಶ್ನೆಯೇ ಇಲ್ಲ, ಅದಕ್ಕೆ ಗೊತ್ತಿರುವುದು ಸ್ಲಾಟು, ಅಂದರೆ ಮುಂಗಡ ಕಾದಿರಿಸುವ ವೇಳೆ. ನರ್ಸ್ ಮಾತ್ರ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಎಂಟು ಜನರನ್ನು ಕರೆಸಬೇಕು, ಇಲ್ಲವೇ ಇಬ್ಬರನ್ನು ನಾಳೆ ಬನ್ನಿ ಎಂದು ಕಳಿಸಬೇಕು. ಮುಂಗಡ ಬುಕಿಂಗ್ ಕಡ್ಡಾಯವಾಗಿದ್ದ ವಯೋಮಾನದಲ್ಲಿ ಎಂಟು ಜನರನ್ನು ಕರೆಸುವ ದಾರಿ ಮುಚ್ಚಿತ್ತು, ಬಾರದವರಿಂದ ಉಳಿದ ಡೋಸ್ ವ್ಯರ್ಥವಾಗುತ್ತಿತ್ತು. ಮೇ 24ರಂದು ಸರ್ಕಾರಿ ಕೇಂದ್ರಗಳಲ್ಲಿ 18-44ರವರಿಗೂ ಸ್ಥಳದಲ್ಲೇ ನೋಂದಣಿ ತೆರೆಯಲು ಕೊಟ್ಟ ಕಾರಣಗಳಲ್ಲಿ ಇದೂ ಒಂದು.

ಕೌಶಲವಿದ್ದರೆ ಲೆಕ್ಕ ಉಲ್ಟಾ ಆಗುವುದೂ ಉಂಟು. ವಯಲ್‌ನಲ್ಲಿ ತಯಾರಕರು ತುಸು ಹೆಚ್ಚೇ ತುಂಬಿರುತ್ತಾರೆ. ಸಿರಿಂಜಿನಲ್ಲಿ ಔಷಧಿ ಉಳಿಯದಂತೆ ಎಳೆದರೆ ಹನ್ನೊಂದನೆಯ ಡೋಸ್ ಸಿಗುತ್ತದೆ. 2021ರ ಮೇ ಆರಂಭದ ಲೆಕ್ಕದಲ್ಲಿ ಕೇರಳಕ್ಕೆ ಬಂದದ್ದು 73,38,806 ಡೋಸ್, ಕೊಟ್ಟದ್ದು 74,26,164. ಕೇಂದ್ರ ಸರ್ಕಾರದ ಅಂಕಿಅಂಶ ಪಟ್ಟಿಯಲ್ಲಿ ಇದು ಋಣಾತ್ಮಕ ಪೋಲು ಎಂದು ಕಾಣಿಸಿಕೊಂಡಿತು. ವಯಲ್ ಲೆಕ್ಕವೂ ಮನುಷ್ಯರ ಲೆಕ್ಕವೂ ಬೇರೆ ಬೇರೆ ಕಡೆ ಇದ್ದಾಗ ಇಂಥ ಅಂಕಿ ತಪ್ಪೋ ಜಾಣ್ಮೆಯೋ ಎಂದು ದೂರದಿಂದ ಹೇಳಲಾಗದು. ಕೇರಳದ ವಿಷಯದಲ್ಲಿ ಅದು ನರ್ಸ್‌ಗಳ ಕೈಚಳಕ.

ಸ್ಲಾಟ್ ಬೇಟೆ

ಮೇ ತಿಂಗಳ ಅನುಭವವನ್ನು ನಗರದ ಓದುಗರು ಮರೆತಿರಲಾರರು. ಮೊಬೈಲ್ ಸಂಖ್ಯೆ ಹಾಕಿ, 180 ಸೆಕೆಂಡಿನೊಳಗೆ ಓಟಿಪಿ ತುಂಬಿ, ಪಿನ್‌ಕೋಡ್ ಅಥವಾ ಜಿಲ್ಲೆ ಆಯ್ದು ಹುಡುಕುವುದು. 15 ನಿಮಿಷಕ್ಕೆ ಲಾಗಿನ್ ಮುಗಿದು ಮತ್ತೆ ಮೊದಲಿನಿಂದ. ಕೇಂದ್ರಗಳು ಯಾವ ಹೊತ್ತಿಗೆ ಸ್ಲಾಟ್ ಬಿಡುತ್ತವೆ ಎಂಬುದಕ್ಕೆ ನಿಶ್ಚಿತ ವೇಳೆ ಇರಲಿಲ್ಲ. ಬಿಟ್ಟದ್ದು ಕ್ಷಣಾರ್ಧದಲ್ಲಿ ಭರ್ತಿ.

ಸ್ಲಾಟ್ ಇದೆಯೇ ಎಂದು ನೋಡಲು ಕೋವಿನ್ ಸಾರ್ವಜನಿಕ ಎಪಿಐ (ಬೇರೆ ತಂತ್ರಾಂಶಗಳು ನೇರವಾಗಿ ಮಾಹಿತಿ ಕೇಳುವ ದಾರಿ) ಕೊಟ್ಟಿತ್ತು. ಉದ್ದೇಶ ಒಳ್ಳೆಯದೇ. ಕೆಲವೇ ದಿನಗಳಲ್ಲಿ ಟೆಲಿಗ್ರಾಂ ಗುಂಪುಗಳು, ಎಚ್ಚರಿಕೆ ಕಳಿಸುವ ಜಾಲತಾಣಗಳು ಹುಟ್ಟಿದವು. ಪ್ರೋಗ್ರಾಮಿಂಗ್ ಬಲ್ಲವರು ಕೆಲವು ಸೆಕೆಂಡಿಗೊಮ್ಮೆ ತಾನಾಗಿ ಕೇಳುವ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದುಕೊಂಡರು. ಮೇ ಮೊದಲ ವಾರದಲ್ಲಿ ಕಡಿವಾಣ ಬಿತ್ತು: ಒಂದು ಐಪಿ ವಿಳಾಸದಿಂದ, ಅಂದರೆ ಒಂದು ಇಂಟರ್ನೆಟ್ ಸಂಪರ್ಕದಿಂದ, ಐದು ನಿಮಿಷಕ್ಕೆ 100 ಕೋರಿಕೆ ಮಾತ್ರ, ಸಾರ್ವಜನಿಕ ಎಪಿಐ ತೋರಿಸುವ ಮಾಹಿತಿ 30 ನಿಮಿಷದಷ್ಟು ಹಳೆಯದಿರಬಹುದು. ಅರ್ಧ ಗಂಟೆ ಹಳೆಯ ಮಾಹಿತಿಯಿಂದ ಸಾಮಾನ್ಯರ ಎಚ್ಚರಿಕೆ ಸೇವೆಗಳು ನಿರುಪಯುಕ್ತವಾದವು. ಲಾಗಿನ್ ಆದ ಬಳಿಕದ ಎಪಿಐ ತಾಜಾ ಮಾಹಿತಿ ಕೊಡುತ್ತಿದ್ದುದರಿಂದ ಚುರುಕಿನವರು ಓಟಿಪಿಯನ್ನೂ ತಾನಾಗಿ ಓದಿಕೊಳ್ಳುವ ಸ್ಕ್ರಿಪ್ಟ್‌ಗೆ ಬದಲಾದರು. ಬುಕಿಂಗ್ ಹಂತಕ್ಕೆ ಕ್ಯಾಪ್ಚಾ (ಚಿತ್ರದ ಅಕ್ಷರ ಓದಿ ಮನುಷ್ಯನೆಂದು ತೋರಿಸುವ ಪರೀಕ್ಷೆ) ಸೇರಿಸಿದರೆ, ಅದು ಗೆರೆಗಳ ವಿವರವನ್ನೇ ಬರೆದಿಡುವ ಎಸ್‌ವಿಜಿ ಚಿತ್ರವಾಗಿದ್ದ ಕಾರಣ ಅಕ್ಷರಗಳ ಗೆರೆಗಳನ್ನೇ ಓದಿ ಬಿಡಿಸುವ ಸ್ಕ್ರಿಪ್ಟ್ ಬಂತು. ಪ್ರತಿ ತಡೆಗೋಡೆಯೂ ಸ್ಕ್ರಿಪ್ಟ್ ಇಲ್ಲದವರನ್ನು ಇನ್ನಷ್ಟು ಹಿಂದಕ್ಕೆ ತಳ್ಳಿತೇ ಹೊರತು ಇದ್ದವರನ್ನಲ್ಲ.

ಬೆಂಗಳೂರಿನವರು ನೆರೆ ಜಿಲ್ಲೆಗಳ ಕೇಂದ್ರಗಳಲ್ಲಿ ಸ್ಲಾಟ್ ಹಿಡಿದು ಕಾರಿನಲ್ಲಿ ಹೋಗಿ ಚುಚ್ಚಿಸಿಕೊಂಡು ಬಂದರು. ಆ ಊರಿನ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಒಪ್ಪಿಸಿದ್ದ ಜನ ಆಸ್ಪತ್ರೆ ಅಂಗಳದಲ್ಲಿ ನಿಂತು ನೋಡಬೇಕಾಯಿತು. ಸ್ಥಳೀಯ ಅಸಮಾಧಾನ ಸಹಜವೇ. ಮೇ 10ರಂದು 18-44ರವರಿಗೆ ಲಸಿಕೆ ಆರಂಭಿಸಿದ್ದ ಕರ್ನಾಟಕ, ಎರಡನೇ ಡೋಸ್‌ಗೆ ಕಾದಿದ್ದ 45 ಮೀರಿದವರಿಗಾಗಿ ಮೇ 14ರಿಂದ ಅದನ್ನು ನಿಲ್ಲಿಸಿತು. ಬರುವ ದಾಸ್ತಾನಿನಲ್ಲಿ ಕನಿಷ್ಠ ಶೇ 70ನ್ನು ಎರಡನೇ ಡೋಸ್‌ಗೆ ಮೀಸಲಿಡಿ ಎಂದು ಕೇಂದ್ರ ಸರ್ಕಾರ ಆ ವಾರವೇ ರಾಜ್ಯಗಳಿಗೆ ಹೇಳಿತ್ತು.

ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಡಿಜಿಟಲ್ ಕಂದಕದ (ಇಂಟರ್ನೆಟ್ ಇದ್ದವರ, ಇಲ್ಲದವರ ನಡುವಿನ ಅಂತರ) ಬಗ್ಗೆ ನೇರವಾಗಿ ಕೇಳಿತು. 18-44ರವರಿಗೆ ಡಿಜಿಟಲ್ ಪೋರ್ಟಲ್ ಒಂದನ್ನೇ ನೆಚ್ಚಿದರೆ ಸಾರ್ವತ್ರಿಕ ಲಸಿಕೆಯ ಗುರಿ ಹೇಗೆ ಈಡೇರೀತು? ದೃಷ್ಟಿದೋಷವುಳ್ಳವರಿಗೆ ಪೋರ್ಟಲ್ ಬಳಸಲು ಆಗುತ್ತಿಲ್ಲ ಎಂಬುದನ್ನೂ ನ್ಯಾಯಪೀಠ ಎತ್ತಿ ಹೇಳಿತು. ಅಲ್ಲಿವರೆಗೆ ಇಂಗ್ಲಿಷ್‌ನಲ್ಲಷ್ಟೇ ಇದ್ದ ಪೋರ್ಟಲ್ ಜೂನ್‌ನಲ್ಲಿ ಹಿಂದಿ, ಕನ್ನಡ ಸೇರಿ ಇತರ ಭಾಷೆಗಳಿಗೂ ಬಂತು. ಜೂನ್ 21ರಿಂದ ಹೊಸ ಮಾರ್ಗಸೂಚಿ: ಎಲ್ಲ ಸರ್ಕಾರಿ, ಖಾಸಗಿ ಕೇಂದ್ರಗಳಲ್ಲೂ ಸ್ಥಳದಲ್ಲೇ ನೋಂದಣಿ.

ಸರ್ಕಾರದ್ದೇ ಅಂಕಿ ಇಲ್ಲಿ ಹೆಚ್ಚು ಹೇಳುತ್ತದೆ. ಜೂನ್ 13ರ ಹೊತ್ತಿಗೆ ಕೋವಿನ್‌ನಲ್ಲಿದ್ದ 28.36 ಕೋಟಿ ಹೆಸರುಗಳಲ್ಲಿ 16.45 ಕೋಟಿ, ಅಂದರೆ ಶೇ 58, ಕೇಂದ್ರದಲ್ಲೇ ನೋಂದಣಿಯಾದವು. ಕೊಟ್ಟ 24.84 ಕೋಟಿ ಡೋಸ್‌ಗಳಲ್ಲಿ 19.84 ಕೋಟಿ ನೇರವಾಗಿ ಬಂದವರಿಗೆ. ಡಿಜಿಟಲ್ ಕಂದಕವಿಲ್ಲ ಎಂದು ತೋರಿಸಲು ಈ ಅಂಕಿ ಕೊಟ್ಟರು. ಅದನ್ನು ಹೀಗೂ ಓದಬಹುದು: ಐದರಲ್ಲಿ ನಾಲ್ಕು ಡೋಸ್‌ಗಳಿಗೆ ಬುಕಿಂಗ್ ಕಿಟಕಿ ಬೇಕೇ ಆಗಿರಲಿಲ್ಲ.

ಕೊರತೆಯ ಕಾಲಕ್ಕೆ ಬುಕಿಂಗ್ ಬೇಕೇ ಬೇಕು ಎನ್ನುವವರಿಗೆ ಬೇರೆ ವಿನ್ಯಾಸಗಳಿವೆ. ಸ್ಲಾಟ್ ಹುಡುಕುವ ಬದಲು ಹೆಸರು ಕೊಟ್ಟು ಕಾಯುವುದು, ವಯಸ್ಸು-ಕಾಯಿಲೆಯ ಪ್ರಕಾರ ಅಥವಾ ಚೀಟಿ ಎತ್ತಿ ವ್ಯವಸ್ಥೆಯೇ ದಿನ-ಕೇಂದ್ರ ಹಂಚುವುದು. ಆಗ ಬೆರಳಿನ ವೇಗಕ್ಕೆ ಬೆಲೆಯಿಲ್ಲ, ಸರ್ವರ್ ಮೇಲೆ ಹೊರೆಯೂ ಇಲ್ಲ. ಪ್ರತಿ ಕೇಂದ್ರದಲ್ಲೂ ಒಂದು ಪಾಲನ್ನು ಸ್ಥಳೀಯರಿಗೆಂದು ಬುಕಿಂಗ್‌ನಿಂದ ಹೊರಗಿಟ್ಟರೆ ಊರಿನ ವಯಲ್ ಊರಿಗೆ ಉಳಿಯುತ್ತದೆ.

ಒಬ್ಬರೇ ಇಬ್ಬರಾದಾಗ

ಏಳು ಬಗೆಯ ಗುರುತಿನ ಚೀಟಿಗಳಲ್ಲಿ ಯಾವುದಾದರೂ ಒಂದು ಸಾಕು ಎಂಬ ನಿಯಮ ಸರಿಯಾದ ನಿಯಮ. ಆಧಾರ್ ಕಡ್ಡಾಯ ಮಾಡಿದ್ದರೆ ಲಕ್ಷಾಂತರ ಜನ ಹೊರಗುಳಿಯುತ್ತಿದ್ದರು. ಯಾವ ಚೀಟಿಯೂ ಇಲ್ಲದ ಅಲೆಮಾರಿಗಳು, ಕೈದಿಗಳು, ಭಿಕ್ಷುಕರಿಗಾಗಿ ಮೇ 6ರಂದು ಪ್ರತ್ಯೇಕ ಕಾರ್ಯವಿಧಾನವೂ ಬಂತು: ಗುರುತಿನ ಚೀಟಿ ಮತ್ತು ಮೊಬೈಲ್ ಇರುವ ಒಬ್ಬ ಸಹಾಯಕರ ಹೆಸರಿನಡಿ ಅವರನ್ನು ದಾಖಲಿಸುವುದು.

ಆದರೆ ಉದಾರತೆಗೆ ತೆರಬೇಕಾದ ಬೆಲೆಯೊಂದಿದೆ. ಮೊದಲ ಡೋಸ್‌ಗೆ ಮಗಳ ಮೊಬೈಲ್, ವೋಟರ್ ಐಡಿ ಕೊಟ್ಟ ಅಜ್ಜಿ, ಎರಡನೆಯದಕ್ಕೆ ಬೇರೆ ಕೇಂದ್ರಕ್ಕೆ ಹೋಗಿ ಪಕ್ಕದ ಮನೆಯವರ ಮೊಬೈಲ್, ಆಧಾರ್ ಕೊಡುತ್ತಾರೆ. ವ್ಯವಸ್ಥೆಗೆ ಇದು ಹೊಸ ವ್ಯಕ್ತಿ. ಹೀಗೆ ಒಬ್ಬರಿಗೆ ಎರಡು ಮೊದಲ ಡೋಸ್ ಸರ್ಟಿಫಿಕೇಟ್, ಅಂತಿಮ ಸರ್ಟಿಫಿಕೇಟ್ ಇಲ್ಲ. ಹಳೆಯ ದಾಖಲೆಯ ಸಂಖ್ಯೆಗೆ ಎರಡನೇ ಡೋಸ್ ಬಾಕಿಯಿದೆ ಎಂಬ ನೆನಪೋಲೆ ತಿಂಗಳುಗಟ್ಟಲೆ ಹೋಗುತ್ತಲೇ ಇರುತ್ತದೆ. ಮನೆ ಬಾಗಿಲಿಗೆ ಲಸಿಕೆ ಒಯ್ಯುವ ಅಭಿಯಾನ 2021ರ ನವೆಂಬರ್‌ನಲ್ಲಿ ಶುರುವಾದಾಗ, ಬಾಕಿ ಪಟ್ಟಿ ಹಿಡಿದು ಹೋದ ಸಿಬ್ಬಂದಿಗೆ ಎದುರಾದವರಲ್ಲಿ ಇಂಥವರೂ ಇದ್ದರು.

ಪೋರ್ಟಲ್‌ನ ದೂರು ವಿಭಾಗದಲ್ಲಿ ಜೂನ್‌ನಿಂದ ಹೆಸರು, ಹುಟ್ಟಿದ ವರ್ಷ, ಲಿಂಗದ ತಿದ್ದುಪಡಿಗೆ, ಮುಂದೆ ಎರಡು ಮೊದಲ ಡೋಸ್ ದಾಖಲೆಗಳನ್ನು ಒಂದುಗೂಡಿಸುವುದಕ್ಕೆ ಅವಕಾಶ ಬಂತು. ಒಂದುಗೂಡಿಸಲು ಎರಡೂ ದಾಖಲೆಗಳು ಒಂದೇ ಖಾತೆಯಲ್ಲಿ ಕಾಣಬೇಕು. ಅಜ್ಜಿಯ ಎರಡು ದಾಖಲೆ ಎರಡು ಮನೆಯವರ ಮೊಬೈಲ್‌ಗಳಲ್ಲಿ ಇರುವುದೇ ಮೂಲ ತೊಡಕು. ಈ ತಪ್ಪನ್ನು ತಡೆಯಬೇಕಾದ್ದು ಎರಡನೇ ಡೋಸ್‌ನ ಮೇಜಿನಲ್ಲೇ: ಹೊಸ ನೋಂದಣಿ ಮಾಡುವ ಮುನ್ನ ಮೊದಲ ಡೋಸಿನ ಸಂದೇಶ ಯಾವ ಮೊಬೈಲಿಗೆ ಬಂದಿತ್ತು ಎಂದು ಕೇಳುವುದು. ತಂತ್ರಾಂಶ ಈ ಪ್ರಶ್ನೆಯನ್ನು ಕಡ್ಡಾಯ ಮಾಡಿದ್ದರೆ ಸಾಕಿತ್ತು.

ನಿಯಮ ಬದಲಾದ ವಾರ

ಕೋವಿಶೀಲ್ಡ್ ಡೋಸ್‌ಗಳ ಅಂತರ ಮೊದಲು 4-6 ವಾರ, ಮಾರ್ಚ್‌ನಲ್ಲಿ 6-8, ಮೇ 13ರಂದು 12-16 ವಾರ ಎಂದಾಯಿತು. 84 ದಿನ ತುಂಬದವರಿಗೆ ಬುಕಿಂಗ್ ಸಿಗದಂತೆ ಪೋರ್ಟಲ್ ಬದಲಾಯಿತು. ಅದಾಗಲೇ ಬುಕ್ ಆಗಿದ್ದವನ್ನು ರದ್ದು ಮಾಡಿಲ್ಲ, ಅವು ಸಿಂಧು ಎಂದು ಆರೋಗ್ಯ ಸಚಿವಾಲಯ ಮೇ 16ರಂದು ಸ್ಪಷ್ಟನೆ ಕೊಡಬೇಕಾಯಿತು, ಏಕೆಂದರೆ ಕೇಂದ್ರಗಳಿಂದ ಜನರನ್ನು ವಾಪಸ್ ಕಳಿಸಿದ ವರದಿಗಳು ಬರುತ್ತಿದ್ದವು. ಪ್ರಕಟಣೆ ಟಿವಿಯಲ್ಲಿ ಬಂದ ದಿನ, ತಂತ್ರಾಂಶ ಬದಲಾದ ದಿನ, ನರ್ಸ್ ಕೈಗೆ ಸುತ್ತೋಲೆ ಬಂದ ದಿನ ಮೂರೂ ಬೇರೆಯಾದರೆ ಬೈಗುಳ ತಿನ್ನುವವರು ನರ್ಸ್.

ಜೂನ್ 7ರಂದು ವಿನಾಯಿತಿ ಬಂತು: ಓದಿಗೆ, ಕೆಲಸಕ್ಕೆ ವಿದೇಶಕ್ಕೆ ಹೋಗುವವರಿಗೆ, ಟೋಕಿಯೊ ಒಲಿಂಪಿಕ್ಸ್ ತಂಡಕ್ಕೆ 28 ದಿನದ ಬಳಿಕ ಎರಡನೇ ಡೋಸ್. ಜಿಲ್ಲೆಗೊಬ್ಬ ಅಧಿಕಾರಿ ದಾಖಲೆ ನೋಡಿ ಒಪ್ಪಬೇಕು, ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಇರಬೇಕು.

ಸರ್ಟಿಫಿಕೇಟ್

ಕೋವಿನ್‌ನ ಅತಿ ಗಟ್ಟಿ ಭಾಗ ಇದು. ಇಗವ್ ಫೌಂಡೇಶನ್‌ನ ಮುಕ್ತ ತಂತ್ರಾಂಶ ಡಿವೋಕ್ ಆಧರಿಸಿ ಮಾಡಿದ್ದು. ಕ್ಯೂಆರ್ ಕೋಡಿನೊಳಗೆ ವಿವರಗಳ ಜತೆ ಡಿಜಿಟಲ್ ಸಹಿ ಇರುತ್ತದೆ. ಪಿಡಿಎಫ್‌ನಲ್ಲಿ ಹೆಸರು ತಿದ್ದಬಹುದು. ಸ್ಕ್ಯಾನ್ ಮಾಡಿದರೆ ಹಳೆಯ ಹೆಸರೇ ಬರುತ್ತದೆ, ಕೋಡನ್ನೇ ತಿದ್ದಿದರೆ ಸಹಿ ತಾಳೆಯಾಗುವುದಿಲ್ಲ. ಮಾಲ್‌ನ ಕಾವಲುಗಾರ ಸ್ಕ್ಯಾನ್ ಮಾಡುತ್ತಿದ್ದನೇ ಎಂಬುದು ಬೇರೆ ಮಾತು. ಶ್ರೀಲಂಕಾ, ಫಿಲಿಪ್ಪೀನ್ಸ್ ಕೂಡ ಡಿವೋಕ್ ಬಳಸಿದವು.

ಅಷ್ಟು ಗಟ್ಟಿ ಕಾಗದವೂ ಬ್ರಿಟನ್ ಗಡಿಯಲ್ಲಿ ಎಡವಿತು. ನೋಂದಣಿಯಲ್ಲಿ ಕೇಳುತ್ತಿದ್ದುದು ಹುಟ್ಟಿದ ವರ್ಷವನ್ನಷ್ಟೇ, ಸರ್ಟಿಫಿಕೇಟಿನಲ್ಲಿ ಬರುತ್ತಿದ್ದುದು ವಯಸ್ಸು. ಅಲ್ಲಿ ಪೂರ್ತಿ ಜನ್ಮದಿನಾಂಕ ಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಕೋವಿಶೀಲ್ಡ್ ಒಪ್ಪಿದ ಬ್ರಿಟನ್, ಭಾರತದ ಸರ್ಟಿಫಿಕೇಟನ್ನು ಒಪ್ಪಲಿಲ್ಲ. ಪಾಸ್‌ಪೋರ್ಟಿನಂತೆ ದಿನ-ತಿಂಗಳು-ವರ್ಷ ಸೇರಿಸುವ ಅವಕಾಶ ಪೋರ್ಟಲ್‌ಗೆ ಬಂತು. ಅಕ್ಟೋಬರ್ 11ರಿಂದ ದಾರಿ ತೆರೆಯಿತು. ಜನ್ಮದಿನಾಂಕ ನೆನಪಿಲ್ಲದ ಹಿರಿಯರಿಗೆ ವರ್ಷ ಮಾತ್ರ ಕೇಳಿದ್ದು ಸರಿಯೇ. ಗೊತ್ತಿರುವವರು ತುಂಬಲು ಐಚ್ಛಿಕ ಜಾಗವೊಂದನ್ನು ಮೊದಲೇ ಇಡಬಹುದಿತ್ತು.

ಸೋರಿಕೆ

2023ರ ಜೂನ್ 12ರಂದು ಟೆಲಿಗ್ರಾಂ ಬಾಟ್ (ತಾನಾಗಿ ಉತ್ತರಿಸುವ ಪ್ರೋಗ್ರಾಂ) ಒಂದಕ್ಕೆ ಮೊಬೈಲ್ ಸಂಖ್ಯೆ ಕೊಟ್ಟರೆ ಹೆಸರು, ಗುರುತಿನ ಚೀಟಿ ಸಂಖ್ಯೆ, ಲಸಿಕೆ ಪಡೆದ ಕೇಂದ್ರ ಬರುತ್ತಿರುವುದು ಸುದ್ದಿಯಾಯಿತು. ಓಟಿಪಿ ಇಲ್ಲದೆ ಕೋವಿನ್ ಮಾಹಿತಿ ಸಿಗದು, ವರದಿಗಳಿಗೆ ಆಧಾರವಿಲ್ಲ ಎಂದು ಸಚಿವಾಲಯ ಹೇಳಿತು. ಬಾಟ್ ನೇರವಾಗಿ ಕೋವಿನ್ ದತ್ತಾಂಶವನ್ನು ಮುಟ್ಟಿದಂತಿಲ್ಲ, ಹಿಂದೆ ಕದ್ದ ಮಾಹಿತಿ ಇರಬಹುದು ಎಂಬುದು ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಪರಿಶೀಲನೆ ಆಧರಿಸಿ ಬಂದ ವಿವರಣೆ. ನಂತರ ಬಿಹಾರದಲ್ಲಿ ಬಂಧನವೂ ಆಯಿತು.

ವಿವಾದ ಏನೇ ಇರಲಿ, ವಿನ್ಯಾಸದ ಪ್ರಶ್ನೆ ಉಳಿಯುತ್ತದೆ. ಮಾಹಿತಿಗೆ ಮೂರು ಬಾಗಿಲಿದ್ದವು: ಫಲಾನುಭವಿಯದು, ಸಿಬ್ಬಂದಿಯದು, ಒಪ್ಪಿಗೆ ಪಡೆದ ಇತರ ಆ್ಯಪ್‌ಗಳದು. ಚರ್ಚೆಯೆಲ್ಲ ಮೊದಲನೆಯದರ ಓಟಿಪಿ ಸುತ್ತ. ಅಪಾಯ ಹೆಚ್ಚಿರುವುದು ಉಳಿದೆರಡರಲ್ಲಿ. ಸಾವಿರಾರು ಕೇಂದ್ರಗಳಲ್ಲಿ ಲಾಗಿನ್ ಇದ್ದಾಗ ಒಬ್ಬರ ಗುರುತನ್ನು ಮೂವರು ಬಳಸುವುದು ಮಾಮೂಲು. ಒಂದು ಲಾಗಿನ್‌ಗೆ ಅಂದಿನ ಕೇಂದ್ರದ ಪಟ್ಟಿ ಮಾತ್ರ ಕಾಣುವಂತೆ, ಗುರುತಿನ ಚೀಟಿಯ ಕೊನೆಯ ನಾಲ್ಕು ಅಂಕಿ ಮಾತ್ರ ತೋರುವಂತೆ ಕಟ್ಟಿದರೆ ಕದ್ದ ಲಾಗಿನ್‌ನಿಂದ ಆಗುವ ಹಾನಿ ಒಂದು ಕೇಂದ್ರಕ್ಕೇ ನಿಲ್ಲುತ್ತದೆ.

ಯು-ವಿನ್

ಇದೇ ಚೌಕಟ್ಟನ್ನು ಗರ್ಭಿಣಿಯರ, ಮಕ್ಕಳ ಸಾಮಾನ್ಯ ಲಸಿಕೆಗೆ ಒಗ್ಗಿಸಿದ ಯು-ವಿನ್ 2023ರ ಜನವರಿಯಲ್ಲಿ 65 ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ಬಂತು. ಇಲ್ಲಿ ಕೊರತೆಯ ಕಾಟವಿಲ್ಲ, ಹಾಗಾಗಿ ಸ್ಲಾಟ್ ಬೇಟೆಯೂ ಇಲ್ಲ. ಗುರುತಿನ ಸಮಸ್ಯೆ ಮಾತ್ರ ಕೋವಿನ್‌ಗಿಂತ ಕಠಿಣ. ನವಜಾತ ಶಿಶುವಿಗೆ ಹೆಸರೂ ಇರುವುದಿಲ್ಲ, ಚೀಟಿಯೂ ಇರುವುದಿಲ್ಲ; ತಾಯಿಯ ದಾಖಲೆಗೆ, ಅವಳ ಮೊಬೈಲಿಗೆ ಮಗುವನ್ನು ಕಟ್ಟಬೇಕು. ಹೆರಿಗೆಗೆ ತವರಿಗೆ ಹೋದವಳು ಮೂರು ತಿಂಗಳಿಗೆ ಗಂಡನ ಮನೆಗೆ ಬರುತ್ತಾಳೆ, ಅಷ್ಟರಲ್ಲಿ ಸಿಮ್ ಬದಲಾಗಿರಬಹುದು. ಎರಡನೇ ಊರಿನ ಆರೋಗ್ಯ ಸಹಾಯಕಿ ಹುಡುಕುವ ಗೊಡವೆ ಬಿಟ್ಟು ಹೊಸ ನೋಂದಣಿ ಒತ್ತಿದರೆ, ತವರಿನ ಪಟ್ಟಿಯಲ್ಲಿ ಆ ಮಗು ಲಸಿಕೆ ತಪ್ಪಿಸಿಕೊಂಡ ಮಗುವಾಗಿಯೇ ಉಳಿಯುತ್ತದೆ.